ಐದನೆಯ ಪದ

ಡಾಕ್ಟರ್ ಕಾಂಚನಾ ಪಟ್ಟಿಯನ್ನು ಇನ್ನೂ ಓದಿಯೇ ಇರಲಿಲ್ಲ. ಅಷ್ಟರಲ್ಲಿ ನೀಲಪ್ಪ ಐದೂ ಪದಗಳನ್ನು ಒಪ್ಪಿಸಿಬಿಟ್ಟ. "ಗುಡಿ, ಕೈ, ಹತ್ತಿ, ಬೆಲ್ಲ, ಮುಗಿಲಬಣ್ಣ."

ಗದಗಿನ ನಮ್ಮ ವಾರ್ಡಿನಲ್ಲಿ ಪಾರ್ಶ್ವವಾಯು ಆದವರ ನೆನಪು, ಗಮನ ನೋಡುವ ಪರೀಕ್ಷೆ ಅದು. ಹದಿನೈದು ದಿನದ ಹಿಂದೆ ಹೆಂಡತಿ ಶೇಖವ್ವ, ಮಗ ಮೌನೇಶ ಹತ್ತಿರವೇ ಕುಳಿತಿದ್ದಾಗ ಅವನಿಗೆ ಒಂದು ಪದವೂ ನೆನಪಾಗಿರಲಿಲ್ಲ. ಈ ಸಲ ಪಾಸಾದರೆ ಸೋಮವಾರವೇ ಬೆಟಗೇರಿಯ ಪವರ್‌ಲೂಮಿಗೆ ಹೋಗುವೆನೆಂದು ಹಟ ಹಿಡಿದಿದ್ದ. ಆದರೆ ಎಡಗಡೆ ಏನಿದ್ದರೂ ಅವನ ಗಮನಕ್ಕೆ ಬರುತ್ತಿರಲಿಲ್ಲ. ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತಿತ್ತು. ಆ ಎಡಗೈ ಮಗ್ಗಕ್ಕೆ ಸಿಕ್ಕರೆ?

"ಪಟ್ಟಿ ಯಾರೋ ತೋರ್ಸ್ಯಾರ," ಎಂದರು ಡಾಕ್ಟರ್. ಪಟ್ಟಿ ಇಡುವ ಕಪಾಟಿನ ಕೀಲಿ ಇದ್ದದ್ದು ಆಯಾ ಆದ ನನ್ನ ಬಳಿ.

ವಾರ್ಡಿನಲ್ಲಿ ಏನೇ ಕಳೆದರೂ ಹುಡುಕುತ್ತಿದ್ದವಳು ಹಿರಿಯ ನರ್ಸ್ ಸಾವಕ್ಕ. ಪಟ್ಟಿ ನೋಡಿ ನಕ್ಕಳು. "ಹೆದರಬ್ಯಾಡ ಮೋತಿಬಿ. ಇದರಾಗ ನೀಲಿ ಅಂತ ಐತಿ, ಮುಗಿಲಬಣ್ಣ ಎಲ್ಲೈತಿ? ನೀಲಿ ಅನ್ನೂದು ಯಾರ ಬಾಯಾಗ ಬರಂಗಿಲ್ಲೋ ನೋಡೂಣು."

ಎಲ್ಲರನ್ನೂ ಹಾಸಿಗೆಯ ಸುತ್ತ ಸೇರಿಸಿ ಒಂದು ನೀಲಿ ಮಗ್ ಎತ್ತಿ ಹಿಡಿದಳು. "ಯಾವ ಬಣ್ಣ?"

"ನೀಲಿ," ಎಂದ ಮೌನೇಶ. "ನಮಗೂ ಪರೀಕ್ಷಾ ಐತೇನ್ರಿ?"

"ಮುಗಿಲಬಣ್ಣರಿ," ಎಂದಳು ಶೇಖವ್ವ. ಮರುಕ್ಷಣವೇ ತಲೆ ತಗ್ಗಿಸಿದಳು.

"ಕೀಲಿ ಯಾರೂ ಮುಟ್ಟಿಲ್ಲ," ಎಂದಳು ಸಾವಕ್ಕ. "ಮೊದಲನೇ ಸಲ ಮಗ್ಗಲ್ದಾಗ ಕುಂತು ಕೇಳಿದಾಕಿ ನೀನು. ದಿನಾ ಬಾಯಿಪಾಠ ಮಾಡಿಸಿದಿ. ನೀಲಿ ಅಂದ್ರ ಗಂಡನ ಹೆಸರು ಹಿಡದಂಗ ಆಗತೈತಿ, ಅದಕ್ಕ ಬದಲಿಸಿದಿ. ಅದೇ ಪಟ್ಟಿ ಮತ್ತ ತಂದದ್ದು ನಮ್ಮ ತಪ್ಪು."

"ಫೇಲಾದ್ರ ಹುಚ್ಚ ಅಂತ ಬರೀತೀರಿ ಅನ್ಕೊಂಡಿದ್ನಿ."

"ಪಾಸು ಫೇಲು ಏನಿಲ್ಲವ್ವ. ಎಲ್ಲಿ ಆಸರ ಬೇಕು ಅಂತ ನೋಡತೀವಿ. ನಿನ್ನ ಪಾಠ ನಂಬಿದ್ರ ಅವನ ಕೈ ಹೋಗತಿತ್ತು."

ಡಾಕ್ಟರ್ ಬೇರೆ ಪಟ್ಟಿ ಓದಿದರು. ನೀಲಪ್ಪನಿಗೆ ಒಂದೇ ಪದ ನೆನಪಿತ್ತು. ಮಗ್ಗ ಸದ್ಯಕ್ಕೆ ಬೇಡವೆಂದು ಬರೆದರು.

"ಎಡಕ್ಕ ನಿಂತು ಹೆಸರು ಹಿಡಿದು ಕರಿ, ಆ ಕಡೆ ಗಮನ ಬರಲಿ," ಎಂದಳು ಸಾವಕ್ಕ. "ಏನ್ರಿ ಅಂದ್ರ ಹೆಂಗ ತಿರಗ್ಯಾನು? ಈ ವಾರ್ಡಿನಾಗ ಎಲ್ಲಾರೂ ಏನ್ರಿನ."

ಶೇಖವ್ವ ಎಡಕ್ಕೆ ಹೋಗಿ ನಿಂತಳು. ಮೂವತ್ತು ವರ್ಷ ಬಾಯೊಳಗೇ ಇಟ್ಟುಕೊಂಡಿದ್ದ ಹೆಸರು. ಎರಡು ಸಲ ತುಟಿಯವರೆಗೆ ಬಂದು ಹಿಂದೆ ಹೋಯಿತು.

"ನೀಲಪ್ಪ."

ಅವನ ಮುಖ ನಿಧಾನವಾಗಿ ಎಡಕ್ಕೆ ತಿರುಗಿತು. "ಯಾರದು, ನನ್ನ ಹೆಸರು ಹಿಡಿದು ಕರಿಯಾಕಿ?"

"ನಾನ ರೀ," ಎಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲಿಲ್ಲ.