ಮೌಲಾಲಿಯ ಗಿಟಾರು

ಒಳಗಿನ ಕಟ್ಟಿಗೆ ಬೆಳ್ಳಗಿತ್ತು. ಮೊನ್ನೆ ಮೊನ್ನೆ ಕೊಯ್ದಂತಿತ್ತು.

ವಾಡಿಯ ಆರ್ಕೆಸ್ಟ್ರಾ ಮಾಲೀಕ ದೇವಿಂದ್ರಪ್ಪ ಬಗ್ಗಿ ನೋಡಿದ. ಅವನ ಗಿಟಾರ್ ವಾದಕ ಶರಣಬಸಪ್ಪ ತೊಡೆಯ ಮೇಲೆ ಎಲೆಕ್ಟ್ರಿಕ್ ಗಿಟಾರು ಇಟ್ಟುಕೊಂಡು ಅದರ ಮೇಲ್ಪಟ್ಟಿ ಬಿಚ್ಚಿದ್ದ.

"ಹಳೇದಲ್ಲ ಮಾಲಕ್ರ. ಕಂಪನಿಯವರು ಹಳೇ ಮಾಡೆಲ್ಲೇ ಈಗ ಹೊಸದಾಗಿ ಮಾಡಾಕತ್ಯಾರ. ಬೊಂಬಾಯಿದಾಗ ಸಿಗ್ತಾವ. ನೋಡ್ರಿ, ಹಳೇದು ಕಾಣ್ಲಿ ಅಂತ ಮುಂದಿನ ಸ್ಕ್ರೂದಾಗೆಲ್ಲ ಸಿಮೆಂಟ್ ಧೂಳ ತುಂಬ್ಯಾರ."

"ಅಂದ್ರ ತಗೋಬಾರ್ದೇನು?"

"ಅರ್ಧಾ ಬೆಲಿಗೂ ಬ್ಯಾಡ್ರಿ."

ದೇವಿಂದ್ರಪ್ಪನ ರಕ್ತ ಕುದಿಯಿತು. ಶಹಾಬಾದಿನ ಲತೀಫಾಳಿಗೆ ಮುಂಗಡ ಕೊಟ್ಟು ಗಿಟಾರು ತಂದಿದ್ದ. ಅವಳ ಗಂಡ ಮೌಲಾಲಿ ರೈಲು ಡ್ರೈವರ್. ತೀರಿಕೊಂಡು ಮೂರು ವರ್ಷ. ದೇಶ ಬಿಟ್ಟು ಹೋಗುವಾಗ ಒಬ್ಬ ಆಂಗ್ಲೋ ಇಂಡಿಯನ್ ಗಾರ್ಡ್ ಇದನ್ನು ತನಗೆ ಕೊಟ್ಟನೆಂದು ಮೌಲಾಲಿ ಊರಿಗೆಲ್ಲ ಹೇಳಿದ್ದ.

ದೇವಿಂದ್ರಪ್ಪ ಗಿಟಾರು ಹಿಡಿದು ಸಿಕ್ಕ ರೈಲು ಹತ್ತಿದ. ಶಹಾಬಾದ್ ಸ್ಟೇಷನ್ ಎದುರಿನ ಹೋಟೆಲ್ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದ. "ಮೌಲಾಲಿ ಜೀವಮಾನ ಪೂರ್ತಿ ಸುಳ್ಳ ಹೇಳ್ಯಾನ! ಅವನ ಹೇಣ್ತಿ ನನಗ ಮೋಸ ಮಾಡ್ಯಾಳ!" ಚಹಾ ಕುಡಿಯುತ್ತಿದ್ದವರೆಲ್ಲ ತಲೆ ಎತ್ತಿದರು. ಅಲ್ಲಿಂದ ಅವನು ನೇರ ಪೊಲೀಸ್ ಠಾಣೆಗೆ ಹೋದ.

*

ಸಬ್ ಇನ್ಸ್‌ಪೆಕ್ಟರ್ ಧರ್ಮಣ್ಣ ಕೂತಲ್ಲಿ ಕೂರುವ ಆಸಾಮಿಯಲ್ಲ. ಅದೂ ೧೯೮೩ರ ಮೇ ತಿಂಗಳು, ಕರೆಂಟು ಬೇರೆ ಇಲ್ಲ. ಗೋಡೆಯಿಂದ ಗೋಡೆಗೆ ನಡೆಯುತ್ತಲೇ ದೂರು ಕೇಳಿದ. ಲತೀಫಾಳನ್ನು ಕರೆಸಿದ.

"ಇದು ನಿಮ್ಮ ಗಿಟಾರೇ ಏನ್ರಿ ಅಮ್ಮ?"

ಲತೀಫಾ ಮುಟ್ಟಿ ನೋಡಿದಳು. "ಹಂಗೇ ಕಾಣ್ತದ. ಕೈಗಿ ಮಾತ್ರ ಅಲ್ಲ ಅನಸ್ತದ."

"ಕೈಗಿ ಅನಿಸಿದ್ದು ಕೋರ್ಟಿನ್ಯಾಗ ನಡ್ಯಂಗಿಲ್ಲ."

"ನಾ ಮೋಸ ಮಾಡೀನಿ ಅಂದ್ರ ಜೇಲಿಗಿ ಹಾಕ್ರಿ ಸಾಹೇಬ್ರ. ಸತ್ತವರಿಗಿ ಸುಳ್ಳಗಾರ ಅನಬ್ಯಾಡಂತ ಇವ್ರಿಗಿ ಹೇಳ್ರಿ. ಅವರು ಬಂದು ಜವಾಬು ಕೊಡ್ಲಿಕ್ಕಿ ಆಗ್ತದೇನು?"

ಧರ್ಮಣ್ಣನ ನಡಿಗೆ ಒಂದು ಕ್ಷಣ ನಿಂತಿತು. ಆ ಹೆಂಗಸಿನ ಸಂಕಟ ಅವನನ್ನು ಚುಚ್ಚಿತ್ತು. ಆದರೆ ಸಂಕಟ ಸಾಕ್ಷಿಯಾಗುವುದಿಲ್ಲವಲ್ಲ.

ದೂರಿನಲ್ಲಿ ಬೊಂಬಾಯಿ ಎಂದು ಕೇಳಿದೊಡನೆ ಅವನಿಗೆ ಹೊಳೆದದ್ದು ಮೌಲಾಲಿಯ ತಮ್ಮ ಮುನಾಫ. ಲಾರಿಯಲ್ಲಿ ಕಲ್ಲು ಹೇರಿಕೊಂಡು ಆಗಾಗ ಬೊಂಬಾಯಿಗೆ ಹೋಗುವವನು. ರಾವೂರಿನ ಕಲ್ಲುಗಣಿಯಲ್ಲಿ ಜೀಪು ಕಂಡದ್ದೇ ಮುನಾಫ ಓಟ ಕಿತ್ತ. ಧರ್ಮಣ್ಣನೂ ಓಡಿದ. ಕಲ್ಲಿನ ರಾಶಿಗಳ ನಡುವೆ ಕಾಲರ್ ಸಿಕ್ಕಿತು.

"ಹೊಸಾ ಗಿಟಾರ ತಂದು ಹಳೇದು ಎಲ್ಲಿ ಮಾರಿದಿ?"

"ಅಲ್ಲಾಹ್! ನಂಗ ಮಾರೂದೇ ಬ್ಯಾಡಾಗಿತ್ರಿ ಸಾಹೇಬ್ರ. ಅಣ್ಣಂದು ಅದು. ನಾನೇ ಗೋಡಿಗಿ ಮೊಳಿ ಹೊಡದು ತೂಗ ಹಾಕೀನಿ."

"ಮತ್ತ ಯಾಕ ಓಡ್ದಿ?"

"ಲಾರಿ ಲೈಸನ್ಸ್ ತೀರ್ಯಾದ್ರಿ..."

ಧರ್ಮಣ್ಣ ಕಾಲರ್ ಬಿಟ್ಟ. ಅರ್ಧ ದಿನ ದಂಡವಾಗಿತ್ತು.

*

ಮೊಳೆಯನ್ನಾದರೂ ನೋಡೋಣವೆಂದು ಅವನು ಗಿಟಾರು ಹಿಡಿದು ಲತೀಫಾಳ ಮನೆಗೆ ಹೋದ. ದೇವಿಂದ್ರಪ್ಪನೂ ಹಿಂದೆ ಬಂದ.

ಗೋಡೆ ತುಂಬ ಸಿಮೆಂಟ್ ಕಾರ್ಖಾನೆಯ ಬೂದು ಧೂಳು. ಮೊಳೆಯ ಕೆಳಗೆ ಮಾತ್ರ ಗಿಟಾರಿನ ಆಕಾರದಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು. ಆ ಗಿಟಾರಿಗೆ ಮೇಲೆ ಎರಡು ಕೊಂಬು, ಒಂದು ಉದ್ದ, ಒಂದು ಗಿಡ್ಡ. ಧರ್ಮಣ್ಣ ಗಿಟಾರನ್ನು ಗುರುತಿನ ಮೇಲೆ ಹಿಡಿದ. ಹೊಂದಲಿಲ್ಲ. ಗಿಟಾರಿನ ಉದ್ದ ಕೊಂಬು ಎಡಕ್ಕೆ, ಗೋಡೆಯ ಮೇಲಿನದು ಬಲಕ್ಕೆ. ತಿರುಗಿಸಿ, ತಂತಿ ಗೋಡೆಯ ಕಡೆ ಮಾಡಿ ಹಿಡಿದ. ಸರಿಯಾಗಿ ಕೂತಿತು.

"ಮಕ ಗೋಡಿ ಕಡಿ ಮಾಡಿ ಹಾಕಿದ್ರೇನ್ರಿ?"

ಲತೀಫಾ ಕಣ್ಣೊರೆಸಿಕೊಂಡಳು. "ತಂತಿ ಕಂಡ್ರ ಅವರ ಬೆರಳು ಕಂಡಂಗ ಆಗ್ತಿತ್ರಿ. ಅವರು ಹೋದ ಮ್ಯಾಲ ಮುನಾಫಗ ಹೇಳಿ ತಿರಿವಿ ಹಾಕ್ಸಿದೆ. ಆಮ್ಯಾಲ ಮುಟ್ಟಿಲ್ಲ."

"ಇಳಿಸಿದವರು ಯಾರು?"

"ನಾನೇ ಇಳಿಸೀನ್ರಿ," ಎಂದ ದೇವಿಂದ್ರಪ್ಪ. "ಬಟ್ಟಿ ಸುತ್ತಿ ಒಯ್ದೆ."

"ಶರಣಬಸಪ್ಪ ಈ ಮನಿಗಿ ಯಾವಾಗರೆ ಬಂದಾನೇನು?"

"ಇಲ್ರಿ. ಧೂಳಿಗಿ ದಮ್ಮು ಹತ್ತತದ, ನೀವೇ ತರ್ರಿ ಅಂದ."

"ಅಂವ ಗಿಟಾರ ನಿಮ್ಮ ಕಣ್ಣ ಮುಂದೇ ನೋಡಿದ್ನ?"

"ಮೊದಲ ಆಂಪ್ಲಿಫೈಯರಿಗಿ ಹಚ್ಚಿ ನೋಡ್ತೀನಂತ ಒಳಗ ಒಯ್ದ. ನಾ ಹೊರಗ ಚಾ ಕುಡ್ಯಾಕತ್ತಿದ್ದೆ. ಆಮ್ಯಾಲ ತಂದು ಬಿಚ್ಚಿ ತೋರಿಸ್ದ."

"ಬಾರಿಸಿದ್ದು ಕೇಳಿಸ್ತೇನು?"

ದೇವಿಂದ್ರಪ್ಪ ಗಿಟಾರಿನ ಕಡೆ ನೋಡಿದ. "...ಇಲ್ರಿ."

"ನಡ್ರಿ ವಾಡಿಗಿ."

*

ಶರಣಬಸಪ್ಪನ ಕೋಣೆಯಲ್ಲಿ ಆಳೆತ್ತರದ ಸ್ಪೀಕರ್ ಡಬ್ಬಿ ಇತ್ತು. ಧರ್ಮಣ್ಣ ಹಿಂದಿನ ಹಲಗೆ ಕೀಳಿಸಿದ. ಒಳಗೆ ಕಂಬಳಿಯಲ್ಲಿ ಸುತ್ತಿದ ಇನ್ನೊಂದು ಗಿಟಾರು. ಬೆನ್ನಿನ ಸ್ಕ್ರೂಗಳಲ್ಲಿ ಬೂದು ಧೂಳು ಮಳೆಗಾಲದ ಹಸಿಗೆ ಕಲ್ಲಾಗಿ ಕೂತಿತ್ತು. ಮುಂದಿನ ಸ್ಕ್ರೂಗಳು ಮಾತ್ರ ಸ್ವಚ್ಛ.

"ಗೋಡಿ ಕಡಿ ಮಕ ಇದ್ದಿದ್ದಕ್ಕ ಧೂಳ ಬೆನ್ನಿಗಿ ಕೂತದ," ಎಂದ ಧರ್ಮಣ್ಣ. "ನೀ ಹೊಸದಕ್ಕ ಮುಂದಿನ ಸ್ಕ್ರೂದಾಗ ತುಂಬಿದಿ. ಲತೀಫಾ, ಮುನಾಫ ಈ ತಪ್ಪು ಮಾಡ್ತಿರಲಿಲ್ಲ. ತೂಗ ಹಾಕಿದವರೇ ಅವರು. ದೇವಿಂದ್ರಪ್ಪನೂ ಮಾಡ್ತಿರಲಿಲ್ಲ. ಇಳಿಸಿದಂವ ಅಂವ. ಈ ಗೋಡಿ ನೋಡದೇ ಇದ್ದಂವ ನೀ ಒಬ್ಬನೇ. ಹೊಸದು ಮೊದಲೇ ತಯಾರ ಮಾಡಿ ಇಟ್ಟಿದ್ದಿ. ಒಳಗ ಒಯ್ದು ಅದಲಿಬದಲಿ ಮಾಡ್ದಿ."

ಶರಣಬಸಪ್ಪ ಮಂಚದ ಮೇಲೆ ಕುಸಿದ. "ಹೊಸದು ನಂದೇ ಸಾಹೇಬ್ರ, ಬೊಂಬಾಯಿಂದ ತಂದಿದ್ದೆ. ಎಷ್ಟು ಬಾರಿಸಿದ್ರೂ ಮೌಲಾಲಿ ಸಾಬರ ದನಿ ಅದ್ರಾಗ ಬರಲಿಲ್ಲ."

"ನಾ ತಗೊಂಡಿದ್ರ ನೀನೇ ಬಾರಿಸ್ತಿದ್ಯಲ್ಲೋ!" ದೇವಿಂದ್ರಪ್ಪ ಚೀರಿದ.

"ಬಾರಿಸಿ ನಿಮ್ಮ ಕೈಗಿ ವಾಪಸ್ ಕೊಡಬೇಕಿತ್ತಲ್ರಿ. ಪ್ರತಿ ಸಲ."

ಕಳ್ಳನ ಮೇಲೆ ಧರ್ಮಣ್ಣನಿಗೆ ಒಂದಿಷ್ಟು ಕನಿಕರವೂ ಬಂತು. ಬೇಡಿ ಹಾಕುವುದನ್ನು ಮಾತ್ರ ಬಿಡಲಿಲ್ಲ.

*

ಮರುದಿನ ಠಾಣೆಯ ಮೆಟ್ಟಿಲ ಮೇಲೆ ದೇವಿಂದ್ರಪ್ಪ ಲತೀಫಾಳ ಎದುರು ಕೈ ಹಿಸುಕುತ್ತ ನಿಂತ. "ಹೆಚ್ಚಿಗಿ ರೊಕ್ಕ ಕೊಡ್ತೀನ್ರಿ. ನನಗೇ ಕೊಡ್ರಿ."

"ಎಲ್ಲಿ ನಿಂತು ಸುಳ್ಳಗಾರ ಅಂದ್ರಿ? ಅಲ್ಲೇ ನಡ್ರಿ."

ಹೋಟೆಲ್ ಮುಂದೆ ಜನ ತುಂಬಿತ್ತು. ದೇವಿಂದ್ರಪ್ಪ ತಲೆ ತಗ್ಗಿಸಿ ಗೊಣಗಿದ. "ಮೌಲಾಲಿ ಖರೇ ಹೇಳಿದ್ದ."

"ಅವತ್ತ ಇಷ್ಟು ಸಣ್ಣಗ ಅಂದಿರಲಿಲ್ಲ ನೀವು," ಎಂದಳು ಲತೀಫಾ.

ದೇವಿಂದ್ರಪ್ಪ ಉಸಿರೆಳೆದುಕೊಂಡ. ಗಂಟಲು ಹರಿಯುವಂತೆ ಕೂಗಿದ. "ಮೌಲಾಲಿ ಖರೇ ಹೇಳಿದ್ದ! ಸುಳ್ಳ ಹೇಳಿದಂವ ನಾನು!"

ಲತೀಫಾ ಸೆರಗು ತಲೆಗೆಳೆದುಕೊಂಡಳು. "ಕೋರ್ಟಿಂದ ಗಿಟಾರ ಬರ್ಲಿ. ಬೆಲಿ ಆಮ್ಯಾಲ ಮಾತಾಡೂಣು," ಎಂದು ಮನೆಯ ಕಡೆ ನಡೆದಳು.