ಮಿಸ್ಟರ್ ಮಾರ್ಟ್‌ಗೇಜ್‌ಗೆ ಬೈದ ಹುಡುಗಿ

ಒಮ್ಮೆ ನಾನು ಸೀನಿದ ರಭಸಕ್ಕೆ ನೂರಾನಲವತ್ತು ಕೆಜಿಯ ಪೈಲ್ವಾನನೊಬ್ಬ ರಿಂಗಿನ ಹಗ್ಗದ ಮೇಲಿಂದ ಹಾರಿ, ಮೂರನೇ ಸಾಲಿನಲ್ಲಿದ್ದ ಒಬ್ಬ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಹೋಗಿ ಕೂತ. ಅಜ್ಜಿ ಅವನಿಗೆ ಚಿಪ್ಸ್ ಕೊಟ್ಟಳು. ಅವನನ್ನು ಸೋಲಿಸಿದ್ದು ಎದುರಾಳಿ ಎಂದೇ ಇವತ್ತಿಗೂ ಎಲ್ಲರ ತಿಳಿವಳಿಕೆ. ನಂಬದಿದ್ದರೆ ಮೆಲ್ಬರ್ನಿಗೆ ಬನ್ನಿ. ಡ್ಯಾಂಡಿನಾಂಗ್ ಸ್ಟೇಷನ್ನಿನಲ್ಲಿ ಇಳಿದು ‘ಗೌರೀಶ’ ಎಂದರೆ ಸಾಕು, ಬಸ್ಸುಗಳೇ ತಿರುಗಿ ದಾರಿ ತೋರಿಸುತ್ತವೆ.

ನಾನು ಬೈಲಹೊಂಗಲದವನು. ಓದಲು ಬಂದು, ಕಾಯಂ ನೆಲೆಸಲು ಪಿಆರ್ ಸಿಕ್ಕಿ, ಇಲ್ಲೇ ಉಳಿದವನು. ವಾರವಿಡೀ ಡ್ಯಾಂಡಿನಾಂಗಿನ ಟೈರ್ ಗೋಡೌನೊಂದು ನನ್ನ ಬೆರಳ ತುದಿಯಲ್ಲಿ ನಡೆಯುತ್ತದೆ. ಶನಿವಾರ ಮಧ್ಯಾಹ್ನ ಅಲ್ಲಿನ ಕಮ್ಯುನಿಟಿ ಹಾಲ್‌ನಲ್ಲಿ ರೆಸ್ಲಿಂಗ್ ಶೋ. ಅದೂ ನನ್ನ ಬೆರಳ ತುದಿಯಲ್ಲೇ. ಟಿವಿಯಲ್ಲಿ ಬರುವಂಥ ದೊಡ್ಡ ಕಂಪನಿಯೇನಲ್ಲ. ಮಡಚುವ ಕುರ್ಚಿಗಳು, ಹೊರಗೆ ಸಾಸೇಜ್ ಸುಡುವ ವಾಸನೆ, ಮಕ್ಕಳ ಗಲಾಟೆ. ಯಾರು ಗೆಲ್ಲಬೇಕು, ಯಾರು ಎಷ್ಟು ಹೊತ್ತಿಗೆ ಬೀಳಬೇಕು ಎಂಬುದೆಲ್ಲ ಬೆಳಿಗ್ಗೆಯೇ ಮಾತಾಗಿರುತ್ತದೆ. ನಮ್ಮೂರ ಗರಡಿಮನೆಯವರಿಗೆ ಇದು ತಿಳಿದರೆ ನನ್ನನ್ನು ಊರಿನೊಳಗೆ ಬಿಡಲಿಕ್ಕಿಲ್ಲ.

ಅಂಥ ಒಂದು ಶನಿವಾರ, ಮೊದಲ ಸಾಲಿನಿಂದ ಅಚ್ಚ ಕನ್ನಡದಲ್ಲಿ ಒಂದು ಬೈಗುಳ ಕೇಳಿಸಿತು.

“ಥೂ, ನಾಚ್ಕೆ ಆಗಲ್ವೇನೋ ನಿಂಗೆ?”

ಬೈಸಿಕೊಂಡವನು ಮಿಸ್ಟರ್ ಮಾರ್ಟ್‌ಗೇಜ್. ಮನೆಸಾಲದ ಹೆಸರು ಹೊತ್ತ ನಮ್ಮ ಶೋದ ಖಳನಾಯಕ. ಕೋಟು, ಟೈ, ಕೈಯಲ್ಲೊಂದು ಸೂಟ್‌ಕೇಸ್. ರಿಂಗಿಗೆ ಬಂದೊಡನೆ “ಬಡ್ಡಿ ಏರಿಸುತ್ತೇನೆ” ಎಂದು ಮೈಕಿನಲ್ಲಿ ಅನ್ನುತ್ತಾನೆ. ಇಡೀ ಹಾಲ್ ಒಂದೇ ದನಿಯಲ್ಲಿ ಕೂಗುತ್ತದೆ. ಅವನೀಗ ನಮ್ಮ ನಾಯಕ ಟ್ರಾಮ್ ಟೋನಿಯ ಬೆನ್ನಿನ ಮೇಲೆ ಕಾಲಿಟ್ಟು ಕೂದಲು ಬಾಚಿಕೊಳ್ಳುತ್ತಿದ್ದ.

ಬೈದವಳು ಸಾಸಿವೆ ಹೂವಿನ ಬಣ್ಣದ ಸ್ವೆಟರ್ ತೊಟ್ಟಿದ್ದಳು. ಕೆನ್ನೆ ಕೆಂಪಾಗಿತ್ತು. ಮೂಗಿನ ಮೇಲಿಂದ ಕನ್ನಡಕ ಜಾರಿದರೂ ಸರಿಮಾಡಿಕೊಳ್ಳದೆ ಅದರ ಮೇಲಿನಿಂದಲೇ ಖಳನನ್ನು ದುರುಗುಟ್ಟುತ್ತಿದ್ದಳು. ಆ ನೋಟಕ್ಕೆ ಹಾಲ್‌ನ ಟ್ಯೂಬ್‌ಲೈಟುಗಳೆಲ್ಲ ಒಮ್ಮೆ ಮಂಕಾದವು. ನಾನು ಕಣ್ಣಾರೆ ಕಂಡಿದ್ದೇನೆ.

ಪಕ್ಕದ ಕುರ್ಚಿ ಖಾಲಿಯಿತ್ತು. ಹೋಗಿ ಕೂತೆ.

“ಕನ್ನಡದವ್ರೇನ್ರಿ?”

“ಹೂಂ,” ಎಂದಳು, ರಿಂಗಿನಿಂದ ಕಣ್ಣು ಕೀಳದೆ.

“ಈಗ ನೋಡ್ರಿ, ಟೋನಿ ಎದ್ದು ನಿಲ್ತಾನ.”

ಟೋನಿ ಎದ್ದು ನಿಂತ.

“ಮತ್ತ ಬೀಳ್ತಾನ.”

ಬಿದ್ದ.

“ಈಗ ಅಂವ ಸೂಟ್‌ಕೇಸ್ ತಗೋತಾನ, ರೆಫ್ರಿ ಆ ಕಡೆ ನೋಡ್ತಿರ್ತಾನ...”

ಅವಳು ನಿಧಾನವಾಗಿ ನನ್ನ ಕಡೆ ತಿರುಗಿ, ಕನ್ನಡಕವನ್ನು ಒಂದೇ ಬೆರಳಿನಿಂದ ಮೇಲಕ್ಕೆ ತಳ್ಳಿದಳು. “ಒಂದ್ ವಿಷ್ಯ ಕೇಳ್ಲಾ? ಊಟಕ್ಕೆ ಕೂತೋರ ಮುಂದೆ ನಿಂತು ಸಾರಿಗೆ ಏನೇನ್ ಹಾಕಿದೀವಿ ಅಂತ ಹೇಳೋ ಅಭ್ಯಾಸಾನೂ ಇದ್ಯಾ ನಿಮ್ಗೆ?”

“ಹೇಳಬಹುದಲ್ಲರೀ, ಸಾರು ಮಾಡಿದಾಂವ ನಾನ. ಈ ಸ್ಟೋರಿ ಎಲ್ಲಾ ಬರಿಯಾಂವ ನಾನ.”

“ಓಹ್, ರೈಟರ್ರು.” ಅವಳ ಕಣ್ಣು ನನ್ನ ಮುಖದಿಂದ ಇಳಿದು ಕೈಯ ಮೇಲೆ ಒಂದು ಗಳಿಗೆ ನಿಂತು ವಾಪಸ್ ಬಂತು. ತುಟಿಯ ಮೂಲೆಯಲ್ಲಿ ಏನೋ ಕದಲಿತು. “ಹಾಗಾದ್ರೆ ಸ್ವಲ್ಪ ಸುಮ್ನಿರಿ ರೈಟರ್ರೇ. ಎಲ್ಲಾ ಸುಳ್ಳು ಅಂತ ನಂಗೂ ಗೊತ್ತು. ಆದ್ರೂ ಬೈಯ್ಬೇಕು.”

ಹೆಸರು ಮಹತಿ. ಸಿಡ್ನಿಯವಳು. ಮನೆ ಕ್ವೇಕರ್ಸ್ ಹಿಲ್‌ನಲ್ಲಿ, ಕೆಲಸ ನಾರ್ವೆಸ್ಟ್‌ನ ಫೈನಾನ್ಸ್ ಆಫೀಸಿನಲ್ಲಿ. ಟ್ರೇನಿಂಗ್‌ಗೆಂದು ಮೆಲ್ಬರ್ನಿಗೆ ಬಂದವಳು ಪೋಸ್ಟರ್ ನೋಡಿ ಒಳಗೆ ಬಂದಿದ್ದಳು. ಚಿಕ್ಕವಳಿದ್ದಾಗ ಟಿವಿಯ ಮುಂದೆ ಕೂತು ಕುಸ್ತಿ ನೋಡಿ ಅತ್ತವಳು. ಯಾರೋ “ಅದೆಲ್ಲ ನಾಟಕ” ಎಂದ ದಿನ ಟಿವಿ ಆರಿಸಿ ಎದ್ದಳಂತೆ. ವರ್ಷಗಟ್ಟಲೆ ಆ ಕಡೆ ನೋಡಿರಲಿಲ್ಲವಂತೆ.

“ಮತ್ತ ಈಗ್ಯಾಕ?”

“ನಾಟಕಕ್ಕೆ ಹೋದ್ರೆ ನಾಟಕ ಅಂತ ಬೇಜಾರಾಗಲ್ಲ ಅಲ್ವಾ? ಅದು ಅರ್ಥ ಆಗೋಕೆ ಇಷ್ಟು ದಿನ ಬೇಕಾಯ್ತು.”

ಶೋ ಮುಗಿದ ಮೇಲೆ ಅವಳನ್ನು ಪರದೆಯ ಹಿಂದಕ್ಕೆ ಕರೆದೊಯ್ದೆ. ದೊಡ್ಡ ರಹಸ್ಯ ತೋರಿಸಿ ಬೆರಗುಗೊಳಿಸುವ ಆಸೆ. ಅಲ್ಲಿ ಕಂಡದ್ದು ಇಷ್ಟು: ಮಿಸ್ಟರ್ ಮಾರ್ಟ್‌ಗೇಜ್ ಟೈ ಸಡಿಲಿಸಿ ಮಂಡಿಯೂರಿದ್ದ. ಟೋನಿಯ ಭುಜಕ್ಕೆ ಐಸ್ ಚೀಲ ಒತ್ತಿ ಹಿಡಿದು, ಜೋರಾಗಿ ಎಸೆದೆನೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಹೊಟ್ಟೆಪಾಡಿಗೆ ಅವನು ಚೈಲ್ಡ್‌ಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾನೆ.

“ಇವನಿಗೆ ಸ್ವಂತ ಮನೀನೂ ಇಲ್ರಿ,” ಎಂದೆ. “ರೆಂಟ್ ಕಟ್ಟಾಕತ್ತಾನ.”

ಅವಳು ನಗಲಿಲ್ಲ. ಅಯ್ಯೋ, ಇದ್ದ ಖುಷಿಯನ್ನೂ ಕೆಡಿಸಿದೆನಲ್ಲ ಎನ್ನಿಸಿತು. ಗಾಬರಿಯಲ್ಲಿ ಗೊತ್ತಿದ್ದದ್ದನ್ನೆಲ್ಲ ಹೇಳಿಬಿಟ್ಟೆ. ಎತ್ತಿ ಎಸೆಯುವ ಮುನ್ನ ಕಿವಿಯಲ್ಲಿ ಹೇಳುತ್ತಾರೆ. ಬಿದ್ದವನ ಕೈ ಹಿಡಿದು ಮೆಲ್ಲಗೆ ಅದುಮುತ್ತಾರೆ. ಅವನು ತಿರುಗಿ ಅದುಮಿದರೆ ಪೆಟ್ಟಾಗಿಲ್ಲ ಎಂದರ್ಥ. ಅದುಮದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ.

“ಕೊಲ್ಲೋ ಥರ ನೋಡ್ತಾ, ಕೈ ಹಿಡ್ಕೊಂಡು ಹುಷಾರಾ ಅಂತ ಕೇಳ್ತಾರಾ?”

“ಹೌದ್ರಿ.”

“ಎಷ್ಟ್ ಚೆನ್ನಾಗಿದೆ,” ಎಂದಳು, ತನಗೆ ತಾನೇ ಹೇಳಿಕೊಂಡಂತೆ.

ಅಲ್ಲಿಂದ ಮುಂದೆ ಅವಳು ಕುಸ್ತಿ ನೋಡುವ ರೀತಿಯೇ ಬೇರೆಯಾಯಿತು. ನಮ್ಮ ತಂಡ ಸಿಡ್ನಿಗೆ ಹೋದಾಗಲೆಲ್ಲ ಬರುತ್ತಿದ್ದಳು. ಬಾಯಿ ಖಳನಿಗೆ ಬೈಯುತ್ತಿತ್ತು, ಮೊದಲಿಗಿಂತ ಜೋರಾಗಿ. ಕಣ್ಣು ಮಾತ್ರ ಅವರ ಕೈಗಳ ಮೇಲಿರುತ್ತಿತ್ತು. ಬಿದ್ದವನ ಬೆರಳು ಕದಲಿದ ಕೂಡಲೇ ಅವಳ ಭುಜ ಸಡಿಲವಾಗುವುದನ್ನು ನಾನು ಪಕ್ಕದಿಂದ ನೋಡುತ್ತಿದ್ದೆ. ನನಗೂ ಚಟ ಹಿಡಿಯಿತು. ಯಾರು ಗೆಲ್ಲುತ್ತಾರೆಂದು ಪಿಸುಗುಡುವುದನ್ನು ಬಿಟ್ಟೆ. ಗೆಲ್ಲುವವನು ಗೊತ್ತಿದ್ದ ಮೇಲೆ, ಸೋಲುವವನು ಎಷ್ಟು ಚೆಂದ ಸೋಲುತ್ತಾನೆ ಎಂಬುದೇ ನೋಡಬೇಕಾದ ವಸ್ತು ಎನ್ನಿಸತೊಡಗಿತು. ಆಸ್ಟ್ರೇಲಿಯಾದಲ್ಲಿ ಇದನ್ನು ಕಂಡುಹಿಡಿದವನು ನಾನೇ ಮೊದಲು.

ಅವಳ ಮನೆಗೂ ಹೋದೆ. ಅಮ್ಮ ಅನುಸೂಯ ಆಂಟಿ ಬಿಸಿಬೇಳೆಬಾತ್ ಬಡಿಸಿದರು. ಮೈಸೂರಿನಿಂದ ಬಂದು ಇಲ್ಲಿಯೇ ರಿಟೈರ್ ಆದ ಡಾಕ್ಟರ್ ಅಪ್ಪ, ಉಮಾಶಂಕರ್ ಅಂಕಲ್, ಎಕ್ಸ್‌ರೇ ನೋಡುವ ಹಾಗೆ ನನ್ನನ್ನು ನೋಡಿದರು.

“ಏನ್ ಮಾಡ್ಕೊಂಡಿದ್ದೀರಪ್ಪಾ?”

“ಅಂಕಲ್, ಟೈರ್ ಬಿಸಿನೆಸ್ ಒಂದ್ ಕಡೆ. ಸ್ಟೋರಿ ರೈಟಿಂಗ್ ಒಂದ್ ಕಡೆ. ಇಬ್ಬರು ಮೂವರು ನನ್ನ ಕೈಕೆಳಗ ಬರೀತಾರ.”

ಮಹತಿ ನೀರಿನ ಲೋಟ ಬಾಯಿಗಿಟ್ಟು ಕಿಟಕಿಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು. ಕೆಮ್ಮು ಇರಬೇಕು ಎಂದುಕೊಂಡೆ.

ಮರುದಿನದ ಶೋಗೆಂದು ಸಿಡ್ನಿಗೆ ಹೋಗಿದ್ದ ಒಂದು ಶುಕ್ರವಾರ ಮಧ್ಯಾಹ್ನ ನಾರ್ವೆಸ್ಟ್‌ನ ಕೆರೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದೆವು. ಬಾತುಕೋಳಿಗಳು ಮೀಟಿಂಗ್ ಮುಗಿಸಿದ ಮ್ಯಾನೇಜರುಗಳಂತೆ ಓಡಾಡುತ್ತಿದ್ದವು. ಅವಳು ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧವನ್ನು ನನ್ನ ಕಡೆ ಸರಿಸಿ ಹೇಳಿದಳು:

“ಮೆಲ್ಬರ್ನ್ ಟೀಮ್‌ಗೆ ಟ್ರಾನ್ಸ್‌ಫರ್ ಕೊಡ್ತಾರಂತೆ. ಸೋಮವಾರ ಉತ್ತರ ಹೇಳ್ಬೇಕು.” ಸ್ವಲ್ಪ ತಡೆದಳು. “ಬರ್ಲಾ?”

ನನ್ನ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಬಾತುಕೋಳಿಗಳು ನೀರಿಗೆ ಹಾರಿದವು. ಹೇಳಬೇಕಾದ್ದು ಒಂದೇ ಮಾತು. ಅದು ಗಂಟಲಿನವರೆಗೆ ಬಂತು, ಅಲ್ಲಿ ನನ್ನ ಹಳೆಯ ನಾಲಿಗೆ ಅಡ್ಡ ನಿಂತಿತ್ತು.

“ಬರ್ರಿ ಬರ್ರಿ. ಏರ್‌ಪೋರ್ಟಿಗೆ ಬ್ಯಾಂಡ್ ಕಳಸ್ತೀನಿ. ಮೇಯರಿಗೆ ಹೇಳಿ ನಿಮ್ಮ ಹೆಸರಿಲೆ ಒಂದ್ ಟ್ರಾಮ್ ಬಿಡಸ್ತೀನಿ. ಮೆಲ್ಬರ್ನ್‌ನಾಗ ನನ್ನ ಮಾತಂದ್ರ...”

ಅವಳು ನಗಬೇಕಿತ್ತು. ನಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು, ಎರಡು ಸಲ ಒತ್ತಿದಳು.

“ನಾಳೆ ಶೋಗೆ ಅಪ್ಪ ಅಮ್ಮನ್ನೂ ಕರ್ಕೊಂಡು ಬರ್ತೀನಿ,” ಎಂದು ಎದ್ದು ಆಫೀಸಿನ ಕಡೆ ನಡೆದಳು. ಒಮ್ಮೆಯೂ ತಿರುಗಲಿಲ್ಲ. ಆ ಹುಡುಗಿ ಯಾವಾಗಲೂ ಮೂಲೆಯಲ್ಲಿ ಒಮ್ಮೆ ತಿರುಗುತ್ತಿದ್ದಳು.

ಮರುದಿನ ಸಿಡ್ನಿಯ ಹಾಲ್‌ನಲ್ಲಿ ನಾನು ಇಸ್ತ್ರಿ ಮಾಡಿದ ಬ್ಲೇಜರ್ ತೊಟ್ಟು, ಉಮಾಶಂಕರ್ ಅಂಕಲ್ ಪಕ್ಕ ಗತ್ತಿನಿಂದ ಕೂತಿದ್ದೆ. ಮಹತಿ ಅವರ ಆಚೆ. ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಮೊದಲ ಆಟದ ನಡುವೆ ರಿಂಗಿನಿಂದ ‘ಟಕ್’ ಎಂಬ ಸದ್ದು ಬಂತು. ಕ್ಯಾನ್‌ವಾಸ್ ಹಾಸಿದ ನೆಲ ಒಂದು ಕಡೆ ಕುಸಿದದ್ದು ನನಗೊಬ್ಬನಿಗೇ ಕಂಡಿತು. ಆಟ ಮುಗಿಯುತ್ತಲೇ ಶೋ ನಡೆಸುವವನು ಪರದೆಯಿಂದ ತಲೆ ಹೊರಹಾಕಿ, ಇಡೀ ಹಾಲ್‌ಗೆ ಕೇಳುವಂತೆ ಇಂಗ್ಲಿಷಿನಲ್ಲಿ ಕೂಗಿದ:

“ಗೌರೀಶ, ಹಲಗೆ ಜಾರಿದೆ. ಸ್ಪ್ಯಾನರ್ ತಗೊಂಡು ಕೆಳಗೆ ನುಗ್ಗು.”

ಅಂಕಲ್ ನನ್ನ ಕಡೆ ತಿರುಗಿದರು. “ರೈಟಿಂಗ್‌ದು ಏನೋ ಅರ್ಜೆಂಟ್ ಕೆಲ್ಸ ಇರ್ಬೇಕು,” ಎಂದರು, ಮುಖ ಒಂಚೂರೂ ಅಲುಗಿಸದೆ.

ಬ್ಲೇಜರ್ ಸಮೇತ ರಿಂಗಿನ ಸುತ್ತ ಇಳಿಬಿಟ್ಟ ಕಪ್ಪು ಬಟ್ಟೆ ಎತ್ತಿ ಒಳಗೆ ತೆವಳಿದೆ. ಹಲಗೆಯನ್ನು ಎತ್ತಿ ಕೂರಿಸಿ ಬೋಲ್ಟ್ ಬಿಗಿಯುವಷ್ಟರಲ್ಲಿ ಮೇಲೆ ಗಂಟೆ ಮೊಳಗಿತು. ಟೋನಿ ಮತ್ತು ಮಾರ್ಟ್‌ಗೇಜ್ ಬಂದೇಬಿಟ್ಟಿದ್ದರು. ಆಟ ನಡೆಯುವಾಗ ಕೆಳಗಿನಿಂದ ಒಬ್ಬ ಹೊರಬಂದರೆ ಜನರ ಆಟವೆಲ್ಲ ಕೆಡುತ್ತದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಅಲ್ಲೇ ಅಂಗಾತ ಮಲಗಿದೆ. ತಲೆಯ ಮೇಲೆ ಧಡ್ ಧಡ್ ಎಂದು ದೇಹಗಳು ಬೀಳುತ್ತಿದ್ದವು. ನಡುವೆ ಮಾರ್ಟ್‌ಗೇಜ್‌ನ ಪಿಸುದನಿ ಕೇಳುತ್ತಿತ್ತು: “ಭುಜ ಸರಿ ಇದೆಯಾ?” ಹೊರಗೆ ಜನರ ಕೂಗು. ಅದರಲ್ಲಿ ಒಂದು ದನಿಯನ್ನು ಹುಡುಕಿದೆ. ಇವತ್ತು ಅವಳು ಬೈಯುತ್ತಿರಲಿಲ್ಲ.

ಆಗ ಹೆದರಿಕೆಯಾಯಿತು. ಸೋಮವಾರ ಅವಳು ಬರುವುದಿಲ್ಲ ಎಂದುಬಿಡುತ್ತಾಳೆ ಎಂದು ಖಾತ್ರಿಯಾಯಿತು.

ಇಂಟರ್ವಲ್ ಆಗಿ ಜನ ಟೀ ಕುಡಿಯಲು ಹೊರಗೆ ಹೋದರು. ನನಗೆ ಏಳುವ ಮನಸ್ಸಿರಲಿಲ್ಲ. ಕಪ್ಪು ಬಟ್ಟೆ ಮೇಲೆದ್ದಿತು, ಬೆಳಕಿನ ಜೊತೆ ಒಂದು ಕನ್ನಡಕ ಒಳಗೆ ಬಂತು. ಮಹತಿ ಮಂಡಿಯೂರಿ ತೆವಳುತ್ತ ಬಂದು, ಕಬ್ಬಿಣದ ತೊಲೆಗೆ ತಲೆ ತಾಗದಂತೆ ನನ್ನ ಪಕ್ಕದಲ್ಲಿ ಕೂತಳು.

“ಮಹತಿ, ಇದು ಏನಂದ್ರ, ಸ್ಟೋರಿ ಬರಿಯವ್ರು ಒಮ್ಮೊಮ್ಮೆ ಕೆಳಗ ಮಲಗಿ...”

“ಗೌರೀಶ.” ಮೊದಲ ಬಾರಿಗೆ ಬರೀ ಹೆಸರು ಹಿಡಿದು ಕರೆದಳು. “ಮೊದಲ್ನೇ ದಿನಾನೇ ನಿನ್ನ ಕೈ ನೋಡಿದ್ದೆ. ಉಗುರು ತುಂಬಾ ಗ್ರೀಸ್. ಯಾವ ರೈಟರ್ ಕೈ ಹಾಗಿರುತ್ತೆ?”

ಎರಡೂ ಕೈಗಳನ್ನು ಬ್ಲೇಜರಿನ ಜೇಬಿಗೆ ತುರುಕಿದೆ.

“ಅಂದ್ರ ಇಷ್ಟ್ ದಿನ ಎಲ್ಲಾ ಗೊತ್ತಿತ್ತು?”

“ಎಲ್ಲಾ. ಟೈರ್ ಬಿಸಿನೆಸ್ಸು, ಕೈಕೆಳಗೆ ಬರಿಯೋರು, ಎಲ್ಲಾ. ಅಪ್ಪಂಗೂ ಗೊತ್ತು. ಫೋನಲ್ಲಿ ನೀನು ಹೊಸದೊಂದು ಬಿಟ್ಟಾಗೆಲ್ಲ ಮನೇಲಿ ಹೇಳಿ ನಗ್ತಿದ್ವಿ. ಸುಳ್ಳು ಅಂತ ಗೊತ್ತಿದ್ದೇ ಕೇಳ್ತಿದ್ದೆ. ಚೆನ್ನಾಗಿತ್ತು.”

“ಮತ್ತ ನಿನ್ನೆ ಯಾಕ ನಗಲಿಲ್ಲ?”

ಅವಳು ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿದಳು. ಕನ್ನಡಕವಿಲ್ಲದ ಆ ಕಣ್ಣನ್ನು ಇಷ್ಟು ಹತ್ತಿರದಿಂದ ನೋಡುವುದು ನನಗೆ ಹೊಸದು. ದಣಿದ ಕಣ್ಣು. ರಾತ್ರಿ ನಿದ್ದೆ ಮಾಡಿರಲಿಲ್ಲ.

“ಇವರಿಬ್ರೂ ನೋಡು,” ಎಂದಳು, ತಲೆಯ ಮೇಲಿನ ಹಲಗೆಯತ್ತ ಬೆರಳು ತೋರಿ. “ಅಷ್ಟು ಜನರ ಮುಂದೆ ಆಟ ಆಡ್ತಾ ಇದ್ರೂ, ಮಧ್ಯೆ ಒಂದ್ಸಲ ನಿಜ ಕೇಳ್ತಾರೆ. ಕೇಳಿದ್ರೆ ಇನ್ನೊಬ್ಬ ನಿಜಾನೇ ಹೇಳ್ತಾನೆ. ನಿನ್ನೆ ನಾನೂ ಹಾಗೇ ಕೇಳಿದ್ದು. ನೀನು ಟ್ರಾಮ್ ಬಿಡ್ತೀನಿ ಅಂದೆ.”

ಹೊರಗೆ ಯಾರೋ ಕುರ್ಚಿ ಎಳೆದರು. ಅನುಸೂಯ ಆಂಟಿ ಕೋಡುಬಳೆಯ ಪೊಟ್ಟಣ ಬಿಚ್ಚುತ್ತ ಯಾರನ್ನೋ “ತಗೊಳ್ಳಿ, ತಗೊಳ್ಳಿ” ಎಂದು ಒತ್ತಾಯಿಸುತ್ತಿದ್ದರು.

“ನಾ ಟೈರ್ ಎಣಿಸ್ತೀನಿ,” ಎಂದೆ. “ಟ್ರಕ್‌ಗೆ ಲೋಡ್ ಮಾಡಸ್ತೀನಿ. ಶನಿವಾರ ಬೋಲ್ಟ್ ಬಿಗೀತೀನಿ. ಮೇಯರ್ ಯಾರಂತ ನನಗ ಗೊತ್ತಿಲ್ಲ.”

“ಹೂಂ.”

“ನೀ ಬಾ.”

ಅವಳು ಕನ್ನಡಕ ಹಾಕಿಕೊಂಡಳು.

“ನೀ ಬರ್ತಿ ಅಂದ್ರ ಭಾಳ ಸಂತೋಷ ಆಗತೈತಿ. ಬರೂದಿಲ್ಲ ಅಂದ್ರ...” ಇಲ್ಲಿ ಏನಾದರೂ ದೊಡ್ಡದು ಹೇಳಬಹುದಿತ್ತು. ಹೇಳಲಿಲ್ಲ. “ಬರೂದಿಲ್ಲ ಅಂದ್ರ ಏನ್ ಮಾಡ್ಬೇಕಂತ ನನಗ ತಿಳಿವಲ್ದು. ನೀ ಅಂದ್ರ ನನಗ ಜೀವ, ಮಹತಿ.”

ಅವಳು ನನ್ನ ಬ್ಲೇಜರಿನ ತೋಳಿಗೆ ಅಂಟಿದ್ದ ಜೇಡರಬಲೆಯನ್ನು ಬೆರಳಿನಿಂದ ತೆಗೆದಳು. “ಸೋಮವಾರ ಹೂಂ ಅಂತೀನಿ,” ಎಂದಳು. ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯಿತು. ನಾನು ಧೀರನಂತೆ ಕರವಸ್ತ್ರ ತೆಗೆದು ಒರೆಸಿ, “ಅಳಬ್ಯಾಡ, ನಾ ಇದ್ದೀನಿ” ಎಂದೆ.

ಇಷ್ಟು ಬರೆದು ಮುಗಿಸಿದ್ದೆ. ಮೆಲ್ಬರ್ನಿನ ನಮ್ಮ ಮನೆಯಲ್ಲಿ, ನನ್ನ ಹೆಗಲ ಮೇಲೆ ಗಲ್ಲ ಊರಿ ಓದುತ್ತಿದ್ದ ಮಹತಿ ಕೊನೆಯ ಸಾಲಿಗೆ ಬಂದು ನಿಂತಳು.

“ಯಾರು ಅತ್ತಿದ್ದು?”

“ಓದೋರಿಗೆ ಹಿಂಗ ಇದ್ರ ಚಲೋ ಅನಸ್ತೈತಿ ಅಂತ...”

“ಗೌರೀಶ. ಯಾರು ಅತ್ತಿದ್ದು?”

ಸರಿ. ಅತ್ತವನು ನಾನು. ಕರವಸ್ತ್ರವೂ ನನ್ನ ಹತ್ತಿರ ಇರಲಿಲ್ಲ.