ಹುಣಸೆ ಬೀಜದ ಗಣಿತ

ಸ್ಟಾಫ್‌ರೂಮಿಗೆ ಕಾಲಿಟ್ಟ ಧನಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು. ಹೊಸದಾಗಿ ಸೇರಿದ್ದ ಗಣಿತದ ಸರ್ ಗುರುಶಾಂತ ಹುಣಸೆಹಣ್ಣು ಚೀಪುತ್ತ ಕೂತಿದ್ದ. ಬಾಯಿಂದ ಬೀಜ ತೆಗೆದು ಒಂದು ಹಾಳೆಯ ಮೇಲೆ ಒಣಗಲು ಇಡುತ್ತಿದ್ದ. ಆ ಹಾಳೆ ಇದ್ದದ್ದು ಅವಳ ಮೇಜಿನ ಮೇಲೆ, ಅವಳ ಊಟದ ಡಬ್ಬಿಯ ಪಕ್ಕದಲ್ಲಿ.

ಅವಳು ಸೆರಗು ಎಳೆದುಕೊಂಡಳು.

"ಏನ್ರಿ ಸರ್ ಇದು?"

"ಗಣಿತ್ರಿ," ಎಂದ ಅವನು, ತುಟಿಗಂಟಿದ ಹುಳಿಯನ್ನು ಒರೆಸಿಕೊಳ್ಳುತ್ತ.

"ಛೀ. ಎಂಜಲು ಅದು."

"ತೊಳೀತೀನ್ರಿ. ಆಮ್ಯಾಲೆ ಎರಡು ಸೀಳು ಮಾಡ್ತೀನಿ. ನಾಳೆ ಕ್ಲಾಸಿನ್ಯಾಗ ನೋಡ್ರಿ, ಮಜಾ ಐತಿ."

ಧನಶ್ರೀ ಡಬ್ಬಿ ಎತ್ತಿಕೊಂಡು ಹೊರಗೆ ನಡೆದಳು. ಅಂದು ಅವಳಿಗೆ ಊಟ ಸೇರಲಿಲ್ಲ. ಅವಳು ಬೆಳೆದದ್ದು ಮಡಿಯ ಮನೆಯಲ್ಲಿ. ತಾಯಿ ಯಮುನಾಬಾಯಿ ನಲ್ಲಿಯನ್ನು ಮೊದಲು ತೊಳೆದು, ಆಮೇಲೆ ತಿರುಗಿಸುವವರು. ಧನಶ್ರೀಯ ಬ್ಯಾಗಿನಲ್ಲಿ ಸ್ಯಾನಿಟೈಸರ್ ಬಾಟಲಿ ಇಲ್ಲದ ದಿನವಿರಲಿಲ್ಲ. ಗುರುಶಾಂತನ ಕೈಗಳನ್ನು ಕಂಡರೆ ಅವಳಿಗೆ ಹೇಸಿಗೆ. ಉಗುರಿನ ಸಂದಿಯಲ್ಲಿ ಕಂದು ಬಣ್ಣ, ಬೆರಳ ತುದಿಯಲ್ಲಿ ಸೀಮೆಸುಣ್ಣ. ಆದರೂ ಅವಳ ಕಣ್ಣು ಪದೇ ಪದೇ ಹೋಗುತ್ತಿದ್ದದ್ದು ಆ ಕೈಗಳ ಕಡೆಗೇ. ಅದು ಅವಳಿಗೆ ಇನ್ನಷ್ಟು ಹೇಸಿಗೆಯೆನಿಸುತ್ತಿತ್ತು.

ತೆಲುಗು ಸೀಮೆಯ ತಾರ್ನಾಕದಲ್ಲಿದ್ದ ಆ ಸಣ್ಣ ಶಾಲೆಯಲ್ಲಿ ಮೂರನೆಯ ಕ್ಲಾಸಿನ ಟೀಚರ್ ಅವಳೇ. ಮರುದಿನ ಅವನ ಪೀರಿಯಡ್‌ನಲ್ಲಿ ಹಿಂದೆ ಕೂತಳು, ಮೂಗಿಗೆ ಕರ್ಚೀಫು ಹಿಡಿದು. ಮಕ್ಕಳೂ ಮನೆಯಿಂದ ಬೀಜ ತಂದಿದ್ದರು. ಕೆಲವು ಇನ್ನೂ ಅಂಟಂಟಾಗಿದ್ದವು.

ಗುರುಶಾಂತ ಸೀಳಿದ ಬೀಜವೊಂದನ್ನು ಎತ್ತಿ ತೋರಿಸಿದ. ಒಂದು ಬದಿ ಕಪ್ಪು, ಉಬ್ಬು. ಇನ್ನೊಂದು ಬದಿ ಬಿಳಿ, ಚಪ್ಪಟೆ. ತೆಲುಗು, ಹಿಂದಿ ಎರಡನ್ನೂ ಕಲಸಿ ಕೇಳಿದ: ಒಗೆದರೆ ಬೀಳುವುದು ಎರಡೇ ಥರ. ಹಾಗಾದರೆ ಬಿಳಿ ಬೀಳುವ ಚಾನ್ಸ್ ಅರ್ಧ, ಕಪ್ಪು ಬೀಳುವ ಚಾನ್ಸ್ ಅರ್ಧ, ಅಲ್ಲವೇ?

ಹೌದು ಎಂದು ಇಡೀ ಕ್ಲಾಸು ಕೂಗಿತು. ಒಬ್ಬ ಹುಡುಗಿ ಮಾತ್ರ ಕೂಗಲಿಲ್ಲ. ಅವಳು ವಿಜಯಶ್ರೀ. ಅವಳ ಅಪ್ಪ ಅಮ್ಮ ರಾಯಚೂರು ಕಡೆಯಿಂದ ಬಂದು, ಹತ್ತಿರದಲ್ಲೇ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಗಾರೆ ಕೆಲಸ ಮಾಡುತ್ತ, ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದರು.

"ಹಂಗ ಹೇಳಾಕ ಬರೂದಿಲ್ರಿ ಸರ್," ಎಂದಳು ಕನ್ನಡದಲ್ಲೇ. "ಒಗದು ಒಗದು ನೋಡ್ಬೇಕ್ರಿ."

ಒಗೆದರು. ಬೋರ್ಡಿನ ಮೇಲೆ ಗೀಟು ಎಳೆಯುತ್ತ ಹೋದರು. ಬಿಳಿಯ ಗೀಟುಗಳು ಕಪ್ಪಿನವನ್ನು ಹಿಂದೆ ಹಾಕಿ ಬಹಳ ದೂರ ಓಡಿದವು. ಎರಡೇ ದಾರಿ ಇದ್ದ ಮಾತ್ರಕ್ಕೆ ಎರಡೂ ಸಮವಲ್ಲವೆಂದು ಮಕ್ಕಳಿಗೆ ಹೊಳೆಯಿತು. ಕರ್ಚೀಫು ಕೆಳಗಿಳಿದದ್ದು ಧನಶ್ರೀಗೆ ಗೊತ್ತೇ ಆಗಲಿಲ್ಲ. ಗುರುಶಾಂತ ಅವಳತ್ತ ನೋಡಿ ಹುಬ್ಬು ಹಾರಿಸಿದ. ಅವಳು ತಟ್ಟನೆ ಮತ್ತೆ ಮೂಗು ಮುಚ್ಚಿದಳು.

"ಮೂಗು ಮುಚ್ಚಿದ್ರ ನಿಮ್ಮ ಕಣ್ಣು ಭಾಳ ದೊಡ್ಡವು ಕಾಣ್ತಾವ್ರಿ," ಎಂದ ಆಮೇಲೆ, ವರಾಂಡದಲ್ಲಿ. "ಶನಿವಾರ ಕೋಠಿಗೆ ಹೊಂಟೀನಿ, ಹಳೇ ಪುಸ್ತಕದ ಅಂಗಡಿಗೆ. ಬರ್ತೀರೇನು?"

ಹೋಗಬೇಕೆಂದು ಅವಳಿಗೆ ಆಸೆಯಾಯಿತು. ಬಾಯಿಗೆ ಬಂದದ್ದು ಮಾತ್ರ ಬೇರೆ. "ನಿಮ್ಮ ಕೈ ನೋಡಿದ್ರ ಅಸಹ್ಯ ಆಗ್ತದ ನನಗ. ಆ ಬೀಜಾನೂ ಹೊಲಸು," ಎಂದಳು. ಅಲ್ಲೇ ಹಾದುಹೋಗುತ್ತಿದ್ದ ಹೆಡ್‌ಮಿಸ್ ಅಮಿತಾ ಅದನ್ನು ಕೇಳಿಸಿಕೊಂಡರು. ಗುರುಶಾಂತ ಕ್ಲಾಸಿಗೆ ಹೋದ.

ಸೋಮವಾರ ಅಮಿತಾ ಮೇಡಂ ಧನಶ್ರೀಯನ್ನು ಕರೆಸಿದರು. ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿಯ ತಾಯಿ ಕೂತಿದ್ದಳು. ಗುರುಶಾಂತ ನಿಂತಿದ್ದ. ಗೋಡೆಗೆ ಒತ್ತಿಕೊಂಡು ವಿಜಯಶ್ರೀಯೂ ನಿಂತಿದ್ದಳು.

"ಇವ್ರ ಮಗಗ ವಾಂತಿ ಆಗ್ಯದಂತ," ಎಂದರು ಅಮಿತಾ. "ಈ ಹುಡುಗಿ ಶೆಡ್ಡಿನಿಂದ ತಂದ ಬೀಜ ಮುಟ್ಟಿ ಹಂಗಾತು ಅಂತಾರ. ಜೂಜು ಕಲಿಸ್ತೀರಿ ಅಂತಲೂ ಅಂತಾರ. ಧನಶ್ರೀ, ನೀವೂ ಹೊಲಸು ಅಂದ್ರಲ್ಲ. ಬೀಜ ಎಲ್ಲಾ ಕಸದ ಡಬ್ಬಿಗೆ ಹಾಕಿಸೀನಿ. ಈಕಿ ಇನ್ನು ಹಿಂದಿನ ಬೆಂಚಿನ್ಯಾಗ ಒಬ್ಬಾಕೀನ ಕೂಡಲಿ. ಸರ್, ನಾಳಿಂದ ನೀವು ಬರೂದು ಬ್ಯಾಡ."

ಆ ತಾಯಿ ಹುಡುಗಿಯ ಕಡೆ ನೋಡಿ, "ಛೀ," ಎಂದು ದುಪಟ್ಟಾ ಎಳೆದುಕೊಂಡಳು.

ವಿಜಯಶ್ರೀ ಮೆಲ್ಲಗೆ ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಂಡಳು.

ಧನಶ್ರೀಗೆ ಹೇಸಿಗೆಯಾಯಿತು. ಈ ಸಲ ಬೀಜದಿಂದಲ್ಲ. ಆ ಹೆಂಗಸಿನ ಬಾಯಲ್ಲಿ ಬಂದದ್ದು ತನ್ನದೇ ಮಾತು, ತನ್ನದೇ ದನಿ. ಎಷ್ಟು ಸಲ ಹೀಗೆ ಸೆರಗು ಎಳೆದುಕೊಂಡಿದ್ದೇನೆ ಎನಿಸಿ ಮೈಯೆಲ್ಲ ಮುದುಡಿತು.

"ನಾ ಅಂದಿದ್ದು ತಪ್ಪು, ಮೇಡಂ," ಎಂದಳು. "ಬೀಜ ನಾ ತೊಳೀತೀನಿ. ಈಕಿ ಮುಂದಿನ ಬೆಂಚಿನ್ಯಾಗ ಕೂಡ್ತಾಳ. ಸರ್‌ಗ ಬರಬ್ಯಾಡ ಅಂದ್ರ ನಾನೂ ಬರೂದಿಲ್ಲ."

ಅಮಿತಾ ಕನ್ನಡಕ ತೆಗೆದು ಅವಳನ್ನು ನೋಡಿದರು. ಪರೀಕ್ಷೆ ಹತ್ತಿರವಿತ್ತು. ಇಬ್ಬರು ಟೀಚರುಗಳನ್ನು ಎಲ್ಲಿಂದ ತರುವುದು? "ಚೊಲೋತ್ನಾಗಿ ತೊಳೀರಿ," ಎಂದಷ್ಟೇ ಹೇಳಿ, ಆ ತಾಯಿಯನ್ನು ಸಮಾಧಾನ ಮಾಡತೊಡಗಿದರು.

ಧನಶ್ರೀ ವಿಜಯಶ್ರೀಯ ಕೈ ಹಿಡಿದು ಕ್ಲಾಸಿನವರೆಗೆ ಬಿಟ್ಟು, ಹಿತ್ತಲಿನ ಕಸದ ಡಬ್ಬಿಯ ಬಳಿ ಹೋದಳು. ಬಾಳೆಸಿಪ್ಪೆ, ಹಳಸಿದ ಸಾಂಬಾರು ಅನ್ನ, ಚಹಾದ ಚರಟ. ತೋಳು ಏರಿಸಿ ಕೈ ಹಾಕಿದಳು. ಕಣ್ಣಲ್ಲಿ ನೀರು ಬಂತು.

"ಬಿಡ್ರಿ, ನಾ ತೆಗೀತೀನಿ," ಎಂದ ಗುರುಶಾಂತ, ಹಿಂದೆಯೇ ಬಂದು.

"ಬ್ಯಾಡ್ರಿ."

ಅವನು ಹೋಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾನೂ ಕೈ ಹಾಕಿದ. ಅನ್ನದೊಳಗೆ ಅವರ ಬೆರಳುಗಳು ತಾಕಿದವು. ಇಬ್ಬರೂ ಹಿಂದಕ್ಕೆ ತೆಗೆಯಲಿಲ್ಲ.

ನಲ್ಲಿಯ ಕೆಳಗೆ ಬೀಜ ತೊಳೆಯುವಾಗ ಅವಳೆಂದಳು: "ನನಗ ಈಗೂ ಹೇಸಿಗಿ ಬರಲಿಕತ್ತದ. ಸುಳ್ಳು ಯಾಕ ಹೇಳ್ಲಿ."

"ಮುಖ ನೋಡಿದ್ರ ಗೊತ್ತಾಗಾಕತ್ತೈತ್ರಿ."

"ನಾ ಬದಲಾಗ್ತೀನೋ ಇಲ್ಲೋ ಗೊತ್ತಿಲ್ಲ. ಇಂಥಾಕಿ ಜೋಡಿ ಹೆಂಗ ಬಾಳ್ವೆ ಮಾಡ್ತೀರಿ?"

ಆಡಿದ ಮೇಲೆಯೇ ಅವಳಿಗೆ ತಾನು ಏನು ಕೇಳಿದೆನೆಂಬುದು ತಿಳಿದದ್ದು. ಕಿವಿ ಬಿಸಿಯಾಯಿತು. ಗುರುಶಾಂತ ಕೊನೆಯ ಬೀಜವನ್ನು ತೊಳೆದು ಅವಳ ಅಂಗೈಯಲ್ಲಿಟ್ಟ.

"ದಿನಾ ಕೈ ತೊಳಕೊಂಡು," ಎಂದ.